ಎರಡು ಬೆಟ್ಟ, ನಡುವೊಂದು ಸೂರ್ಯ: ಶಾಲೆಯಲ್ಲಿ ಕಳೆದುಹೋಗುವ ಚಿತ್ರ

ಪ್ರಾಥಮಿಕ ಶಾಲೆಯ ಯಾವುದೇ ಮಗುವಿನ ಕೈಗೆ ಖಾಲಿ ಹಾಳೆಯೊಂದನ್ನು ಕೊಟ್ಟು ‘ನಿನಗಿಷ್ಟವಾದ ಚಿತ್ರ ಬರೆ’ ಎಂದು ಹೇಳಿ ನೋಡಿ. ಬಹುತೇಕ ಸಂದರ್ಭಗಳಲ್ಲಿ ಹಾಳೆಯ ಮೇಲೆ ಮೂಡುವುದು ತ್ರಿಕೋನಾಕಾರದ ಎರಡು ಬೆಟ್ಟಗಳು, ಅವುಗಳ ನಡುವೆ ಕಿರಣ ಚೆಲ್ಲುವ ಅರ್ಧ ಸೂರ್ಯ, ಬೆಟ್ಟದಿಂದ ಇಳಿದು ಬರುವ ನದಿ, ದಡದಲ್ಲೊಂದು ಹೆಂಚಿನ ಮನೆ, ಮನೆಯ ಪಕ್ಕದಲ್ಲೊಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕಾರು ಹಕ್ಕಿಗಳು. ಕಣ್ಣು ಹಾಯಿಸಿದಷ್ಟು ದೂರ ಎರೆಮಣ್ಣಿನ ಬಯಲೇ ಇರುವ ವಿಜಯಪುರ ಜಿಲ್ಲೆಯ ಹಳ್ಳಿಯ ಮಗುವೂ ಇದನ್ನೇ ಬರೆಯುತ್ತದೆ. ಸೂರ್ಯ ಕಡಲಿಗೆ ಇಳಿಯುವುದನ್ನು ದಿನವೂ ನೋಡುವ ಕುಂದಾಪುರದ ಮಗುವೂ ಇದನ್ನೇ ಬರೆಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಹನ್ನೆರಡನೆಯ ಮಹಡಿಯಲ್ಲಿ ವಾಸಿಸುವ, ಹೆಂಚಿನ ಮನೆಯನ್ನು ಹತ್ತಿರದಿಂದ ಕಂಡೇ ಇರದ ಮಗುವಿನ ಹಾಳೆಯೂ ಇದಕ್ಕಿಂತ ಭಿನ್ನವಾಗಿರುವುದಿಲ್ಲ.

ಇದನ್ನು ಮಕ್ಕಳ ಕಲ್ಪನೆಯ ಬಡತನವೆಂದು ತಿಳಿಯುವುದು ತಪ್ಪು. ಆ ಚಿತ್ರ ಮಗುವಿನದಲ್ಲ, ಶಾಲೆಯದು. ಯಾವುದೋ ಒಂದು ತರಗತಿಯಲ್ಲಿ ಕರಿಹಲಗೆಯ ಮೇಲೆ ಬಿಡಿಸಿದ್ದನ್ನು ‘ಹೀಗೆಯೇ ಬರೆಯಿರಿ’ ಎಂದು ಹೇಳಲಾಗಿರುತ್ತದೆ. ಹಾಗೆಯೇ ಬರೆದವರಿಗೆ ‘ಗುಡ್’ ಸಿಕ್ಕಿರುತ್ತದೆ, ಬೇರೆಯಾಗಿ ಬರೆದವರಿಗೆ ತಿದ್ದುಪಡಿ ಸಿಕ್ಕಿರುತ್ತದೆ. ಗಣಿತದಲ್ಲಿ ಎಲ್ಲರ ಉತ್ತರವೂ ಒಂದೇ ಆಗಿರಬೇಕಾದುದು ಸಹಜ. ಆದರೆ ನಲವತ್ತು ಮಕ್ಕಳು ಕುಳಿತಿರುವ ಕೋಣೆಯಲ್ಲಿ ನಲವತ್ತು ಬಗೆಯಾಗಿ ಬರಬಹುದಾದ ಒಂದೇ ಒಂದು ವಿಷಯದಲ್ಲಿಯೂ ಒಂದೇ ಉತ್ತರ ಬರುವಂತೆ ನೋಡಿಕೊಳ್ಳುವ ನಮ್ಮ ಶಾಲಾ ವ್ಯವಸ್ಥೆಯ ಸಾಮರ್ಥ್ಯ ಆಶ್ಚರ್ಯ ಹುಟ್ಟಿಸುವಂಥದ್ದು.

ಹೀಗೆ ಕಳೆದುಹೋಗುವುದು ಮುಂದೆ ಆಗಬಹುದಾಗಿದ್ದ ಒಬ್ಬ ಕಲಾವಿದನಷ್ಟೇ ಆಗಿದ್ದರೆ ಅದು ಅಷ್ಟು ದೊಡ್ಡ ಮಾತಲ್ಲ. ಕಲಾವಿದರು ಶಾಲೆಯ ಹಂಗಿಲ್ಲದೆಯೂ ಹುಟ್ಟಿಕೊಂಡಿದ್ದಾರೆ. ಕಳೆದುಹೋಗುವುದು ‘ನಾನು ಕಂಡದ್ದನ್ನು ನಾನೇ ಹೇಳಬಲ್ಲೆ’ ಎಂಬ ಮಗುವಿನ ಭರವಸೆ. ಒಂದನೆಯ ತರಗತಿಯಲ್ಲಿ ‘ನಾನು ಬರೀತೀನಿ, ನಾನು ಬರೀತೀನಿ’ ಎಂದು ಮುಗಿಬೀಳುವ ಮಕ್ಕಳಲ್ಲಿ ಎಷ್ಟೋ ಮಂದಿ ಐದನೆಯ ತರಗತಿಗೆ ಬರುವ ಹೊತ್ತಿಗೆ ‘ನನಗೆ ಚಿತ್ರ ಬರೋಲ್ಲ’ ಎಂದು ಕೈಕಟ್ಟಿ ಕೂರುತ್ತಾರೆ. ಈ ನಾಲ್ಕು ವರ್ಷಗಳಲ್ಲಿ ಏನಾಯಿತು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದವರು ಶಿಕ್ಷಕರು ಮಾತ್ರವಲ್ಲ, ಪೋಷಕರು ಮತ್ತು ನೀತಿ ನಿರೂಪಕರೂ ಹೌದು.

ಬರೆಯುವುದು ಎಂದರೆ...

ಕನ್ನಡದಲ್ಲಿ ಅಕ್ಷರವನ್ನೂ ‘ಬರೆಯುತ್ತೇವೆ’, ಚಿತ್ರವನ್ನೂ ‘ಬರೆಯುತ್ತೇವೆ’. ಎರಡಕ್ಕೂ ಒಂದೇ ಕ್ರಿಯಾಪದ. ನುಡಿಯಲ್ಲಿ ಹುದುಗಿರುವ ಈ ತಿಳಿವಳಿಕೆ ಶಿಕ್ಷಣದ ದೃಷ್ಟಿಯಿಂದಲೂ ಸರಿಯಾದದ್ದೇ. ಮಗು ಅಕ್ಷರಕ್ಕೆ ಬರುವ ಮುನ್ನ ಗೆರೆಗೆ ಬರುತ್ತದೆ. ಎರಡು ವರ್ಷದ ಆಸುಪಾಸಿನಲ್ಲಿ ಗೋಡೆ, ನೆಲ, ಅಪ್ಪನ ಡೈರಿ ಯಾವುದನ್ನೂ ಬಿಡದೆ ಗೀಚುತ್ತದೆ. ಗೀಚುತ್ತ ಗೀಚುತ್ತ ಒಂದು ದಿನ ಗೆರೆ ತಿರುಗಿ ತನ್ನನ್ನೇ ಕೂಡಿಕೊಂಡು ವೃತ್ತವಾಗುತ್ತದೆ. ಆ ವೃತ್ತಕ್ಕೆ ಎರಡು ಚುಕ್ಕೆ ಇಟ್ಟು, ಕೆಳಗೆ ಎರಡು ಗೆರೆ ಎಳೆದರೆ ಅದು ‘ಅಮ್ಮ’. ಹೊಟ್ಟೆಯಿಲ್ಲದ, ತಲೆಗೇ ಕಾಲು ಅಂಟಿಕೊಂಡ ಈ ಅಮ್ಮ ಜಗತ್ತಿನ ಬಹುತೇಕ ಭಾಗಗಳ ಮಕ್ಕಳ ಚಿತ್ರಗಳಲ್ಲಿ ಕಾಣಸಿಗುತ್ತಾಳೆ.

ಆರೇಳು ವರ್ಷದ ಹೊತ್ತಿಗೆ ಹಾಳೆಯ ಕೆಳಭಾಗದಲ್ಲಿ ನೆಲದ ಗೆರೆ ಕಾಣಿಸಿಕೊಳ್ಳುತ್ತದೆ. ಮೇಲೆ ಪಟ್ಟಿಯಂತೆ ಆಕಾಶ, ನಡುವೆ ಖಾಲಿ. ಮನೆಯ ಗೋಡೆ ಮುಚ್ಚಿದ್ದರೂ ಒಳಗಿನ ಒಲೆ, ತೊಟ್ಟಿಲು, ಮಲಗಿದ ಅಜ್ಜಿ ಎಲ್ಲವೂ ಕಾಣುತ್ತವೆ. ಬಸ್ಸಿನ ನಾಲ್ಕು ಚಕ್ರಗಳೂ ಎರಡು ಕಡೆಗೆ ಚಾಚಿ ಮಲಗಿರುತ್ತವೆ. ಬಾವಿಯ ಸುತ್ತ ನಿಂತವರು ಹೂವಿನ ಎಸಳಿನಂತೆ ಹೊರಕ್ಕೆ ಬಿದ್ದುಕೊಂಡಿರುತ್ತಾರೆ. ಫ್ರಾನ್ಸಿನ ವಿದ್ವಾಂಸ ಲ್ಯೂಕೆ 1927ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದ: ಈ ವಯಸ್ಸಿನ ಮಗು ತನ್ನ ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ಗೊತ್ತಿರುವುದನ್ನು ಬರೆಯುತ್ತದೆ. ಬಸ್ಸಿಗೆ ನಾಲ್ಕು ಚಕ್ರಗಳಿವೆ ಎಂದು ಅದಕ್ಕೆ ಗೊತ್ತು. ನಿಂತ ಜಾಗದಿಂದ ಎರಡೇ ಕಾಣುತ್ತವೆ ಎಂಬ ಕಾರಣಕ್ಕೆ ಉಳಿದೆರಡನ್ನು ಬಿಡಲು ಅದು ಸಿದ್ಧವಿಲ್ಲ. ಪ್ರಾಚೀನ ಈಜಿಪ್ಟಿನ ಸಮಾಧಿಯ ಗೋಡೆಗಳಲ್ಲಿ ಕೊಳವನ್ನು ಮೇಲಿನಿಂದ ನೋಡಿದಂತೆಯೂ, ಅದರೊಳಗಿನ ಮೀನು-ಬಾತುಗಳನ್ನು ಪಕ್ಕದಿಂದ ನೋಡಿದಂತೆಯೂ ಬರೆದ ಚಿತ್ರಕಾರರು ಅನುಸರಿಸಿದ್ದೂ ಇದೇ ತರ್ಕವನ್ನು. ಅದನ್ನು ನಾವು ತಪ್ಪು ಎನ್ನುವುದಿಲ್ಲ, ಕಲೆ ಎನ್ನುತ್ತೇವೆ. ಮಗುವಿನ ಹಾಳೆಯಲ್ಲಿ ಕಂಡಾಗ ಮಾತ್ರ ಕೆಂಪು ಶಾಯಿಯಿಂದ ತಿದ್ದುತ್ತೇವೆ.

ಆಸ್ಟ್ರಿಯದ ಲಿಂಜ್‌ನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಹಂತಗಳನ್ನು ಕ್ರಮಬದ್ಧವಾಗಿ ವಿವರಿಸಿದ. ಅದರಲ್ಲಿ ಬರುವ ಒಂದು ಉದಾಹರಣೆ ನಮ್ಮ ಪೋಷಕರೆಲ್ಲರೂ ತಿಳಿಯಬೇಕಾದದ್ದು. ಒಂದು ಮಗು ತನ್ನದೇ ರೀತಿಯಲ್ಲಿ ಹಕ್ಕಿಗಳನ್ನು ಬರೆಯುತ್ತಿತ್ತು. ಒಂದೊಂದು ಹಕ್ಕಿಯೂ ಇನ್ನೊಂದರಂತಿರಲಿಲ್ಲ. ಆಮೇಲೆ ಅಭ್ಯಾಸ ಪುಸ್ತಕದಲ್ಲಿ ಅಚ್ಚಾದ ಹಕ್ಕಿಯನ್ನು ನೋಡಿ ಬಣ್ಣ ತುಂಬುವ ಕೆಲಸ ಅದಕ್ಕೆ ಬಂತು. ಅನಂತರ ಅದು ಬರೆದ ಹಕ್ಕಿಗಳೆಲ್ಲ ಪುಸ್ತಕದ ಹಕ್ಕಿಯ ನಕಲುಗಳಾದವು. ತನ್ನ ಹಕ್ಕಿಯನ್ನು ಅದು ಕೈಬಿಟ್ಟಿತ್ತು. ಇಂದು ನಮ್ಮ ಅಂಗಡಿಗಳಲ್ಲಿ ರಾಶಿ ಬಿದ್ದಿರುವ ‘ಕಲರಿಂಗ್ ಬುಕ್’ಗಳು ಮಾಡುತ್ತಿರುವುದೂ ಇದೇ ಕೆಲಸವನ್ನು. ಗೆರೆಯ ಹೊರಗೆ ಬಣ್ಣ ಹೋಗದಂತೆ ತುಂಬುವುದು ಕೈಗೆ ಒಂದು ವ್ಯಾಯಾಮವಾದೀತು, ಅದನ್ನು ಚಿತ್ರಕಲೆಯೆಂದು ಕರೆಯಲಾಗದು.

ನಕಲಿನ ಇತಿಹಾಸ

ಹಲಗೆ ನೋಡಿ ನಕಲು ಮಾಡುವ ಪದ್ಧತಿ ಆಕಾಶದಿಂದ ಉದುರಿದ್ದಲ್ಲ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಮದರಾಸಿನಲ್ಲಿ ಕಲಾಶಾಲೆಯೊಂದನ್ನು ಆರಂಭಿಸಿದ. ಮುಂದೆ ಕಲ್ಕತ್ತಾ, ಮುಂಬಯಿಗಳಲ್ಲಿಯೂ ಅಂಥ ಶಾಲೆಗಳು ತೆರೆದವು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ರೂಪುಗೊಂಡಿದ್ದ ಪಠ್ಯಕ್ರಮ ಭಾರತದ ಕಲಾಶಿಕ್ಷಣದ ಮೇಲೆ ಗಾಢ ಪ್ರಭಾವ ಬೀರಿತು. ಮೊದಲು ಸರಳರೇಖೆ, ಆಮೇಲೆ ಜ್ಯಾಮಿತಿಯ ಆಕಾರ, ಆಮೇಲೆ ಮುದ್ರಿತ ಚಿತ್ರದ ನಕಲು, ಕೊನೆಗೆ ವಸ್ತುವಿನ ಚಿತ್ರ: ಇದು ಅದರ ಸೋಪಾನ. ಕಾರ್ಖಾನೆಗಳಿಗೂ ಕುಶಲ ಕೈಗಾರಿಕೆಗಳಿಗೂ ಬೇಕಾದ ಪಳಗಿದ ಕೈಗಳನ್ನು ತಯಾರಿಸುವುದು ಅದರ ಮುಖ್ಯ ಉದ್ದೇಶವಾಗಿತ್ತು. ನಮ್ಮ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳ ಕ್ರಮದಲ್ಲಿ ಈ ಪರಂಪರೆಯ ನೆರಳನ್ನು ಇಂದಿಗೂ ಗುರುತಿಸಬಹುದು. ಹದಿಮೂರು, ಹದಿನಾಲ್ಕು ವರ್ಷದವರಿಗೆ ಆ ಶಿಸ್ತಿನಿಂದ ಪ್ರಯೋಜನವಿಲ್ಲವೆಂದು ಹೇಳಲಾಗದು. ಆದರೆ ಅದೇ ಕ್ರಮದ ಸಣ್ಣ ಪ್ರತಿಯನ್ನು ಆರು ವರ್ಷದ ಮಗುವಿನ ಮುಂದಿಟ್ಟಾಗ ಅನರ್ಥವಾಗುತ್ತದೆ.

ಇದಕ್ಕೆ ಪರ್ಯಾಯವನ್ನು ಹುಡುಕಿದವರು ಇಲ್ಲದಿಲ್ಲ. ವಿಯೆನ್ನಾದಲ್ಲಿ ಫ್ರಾಂಜ್ ಸಿಝೆಕ್ 1897ರಲ್ಲಿಯೇ ಮಕ್ಕಳಿಗಾಗಿ ಚಿತ್ರಕಲೆಯ ತರಗತಿ ತೆರೆದು, ಮಕ್ಕಳ ಚಿತ್ರಕ್ಕೆ ಅದರದೇ ಆದ ಬೆಲೆಯಿದೆ ಎಂಬುದನ್ನು ಯುರೋಪಿಗೆ ಮನಗಾಣಿಸಿದ. ನಮ್ಮಲ್ಲಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ಆರಂಭಿಸಿದಾಗ ಮರದ ನೆರಳೇ ತರಗತಿಯಾಯಿತು. 1919ರಲ್ಲಿ ಅಲ್ಲಿ ಕಲಾಭವನ ರೂಪುಗೊಂಡಿತು. ನಂದಲಾಲ್ ಬೋಸ್ ಅವರ ನೇತೃತ್ವದಲ್ಲಿ ಕಲೆಯೆಂಬುದು ಹಬ್ಬ, ಅಂಗಳ, ಗೋಡೆ, ಉಡುಗೆಗಳಲ್ಲಿ ಬೆರೆತುಹೋಯಿತು.

ಗಾಂಧೀಜಿಯವರ ನಿಲುವು ಇನ್ನೂ ಕುತೂಹಲಕರ. ತಮ್ಮ ಕೈಬರಹ ಚೆನ್ನಾಗಿಲ್ಲವೆಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಆತ್ಮಕಥೆಯಲ್ಲಿ ಅದನ್ನು ಹೇಳಿಕೊಳ್ಳುತ್ತ, ಮಕ್ಕಳಿಗೆ ಬರವಣಿಗೆಗಿಂತ ಮೊದಲು ಚಿತ್ರ ಬರೆಯುವುದನ್ನು ಕಲಿಸಬೇಕು, ಹೂವು ಹಕ್ಕಿಗಳನ್ನು ನೋಡಿ ಗುರುತಿಸುವಂತೆಯೇ ಅಕ್ಷರಗಳನ್ನೂ ಮಗು ನೋಡಿ ಗುರುತಿಸಲಿ, ವಸ್ತುಗಳ ಚಿತ್ರ ಬರೆಯಲು ಕಲಿತ ಮೇಲೆ ಅಕ್ಷರ ಬರೆಯಲಿ ಎಂಬ ಅಭಿಪ್ರಾಯವನ್ನು ಅವರು ವ್ಯಕ್ತಪಡಿಸಿದ್ದಾರೆ. ಶಾಂತಿನಿಕೇತನದಲ್ಲಿ ನಂದಲಾಲರ ಶಿಷ್ಯರಾಗಿದ್ದ ದೇವಿ ಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಬಂದು ನಯೀ ತಾಲೀಮ್ ಶಾಲೆಯಲ್ಲಿ ಕಲಾಶಿಕ್ಷಕರಾದರು. ಠಾಕೂರ್ ಮತ್ತು ಗಾಂಧಿ ಎಂಬ ಎರಡು ಹೊಳೆಗಳು ಕೂಡಿದ್ದು ಅವರ ತರಗತಿಯಲ್ಲಿ. ಹಳ್ಳಿಯ ಮಕ್ಕಳೊಂದಿಗೆ ಹತ್ತಾರು ವರ್ಷ ದುಡಿದ ಅನುಭವದಿಂದ ಅವರು ಬರೆದ ಗ್ರಂಥ ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಲಭ್ಯವಿದೆ. ಕಲೆ ಶಿಕ್ಷಣಕ್ಕೆ ಅಂಟಿಸಿದ ಅಲಂಕಾರವಲ್ಲ, ಅದರ ತಳಹದಿ ಎಂಬುದು ಅವರ ಪ್ರತಿಪಾದನೆಯ ಸಾರ. ಬಡತನ, ಸಾಮಗ್ರಿಯ ಕೊರತೆ, ಹಳ್ಳಿಯ ಹಿನ್ನೆಲೆ ಇವಾವುವೂ ಕಲಾಶಿಕ್ಷಣಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಸೇವಾಗ್ರಾಮಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಾಯ್ದೆಯಲ್ಲಿನ ಕಂದಕ

ಕಾಗದದ ಮೇಲೆ ಕಲಾಶಿಕ್ಷಣಕ್ಕೆ ಗೌರವದ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವನ್ನಾಗಿಸಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ಮತ್ತು ವಿಜ್ಞಾನಗಳ ನಡುವೆ, ಪಠ್ಯ ಮತ್ತು ಪಠ್ಯೇತರಗಳ ನಡುವೆ ಗೋಡೆ ಇರಬಾರದೆಂದಿತು. 2023ರ ಪಠ್ಯಕ್ರಮ ಚೌಕಟ್ಟು ಕಲೆಗೆ ಪ್ರತ್ಯೇಕ ಕಲಿಕಾ ಕ್ಷೇತ್ರದ ಸ್ಥಾನ ನೀಡಿತು. ಅದರ ಫಲವಾಗಿ ಮೂರನೆಯ ತರಗತಿಗೆ ಕಲೆಯ ಪಠ್ಯಪುಸ್ತಕವೊಂದನ್ನು ಎನ್‌ಸಿಇಆರ್‌ಟಿ 2024ರಲ್ಲಿ ಹೊರತಂದಿತು. ಕರ್ನಾಟಕ ತನ್ನದೇ ಶಿಕ್ಷಣ ನೀತಿಗಾಗಿ 2023ರಲ್ಲಿ ಸುಖದೇವ್ ಥೋರಟ್ ನೇತೃತ್ವದ ಆಯೋಗವನ್ನು ರಚಿಸಿತು. ಆಯೋಗ 2025ರಲ್ಲಿ ವರದಿ ಸಲ್ಲಿಸಿತು. ನೀತಿ ಯಾವುದೇ ಇರಲಿ, ಅದು ತರಗತಿಯ ಬಾಗಿಲು ದಾಟಿ ಒಳಗೆ ಬರಬೇಕಾದರೆ ಅಲ್ಲಿ ಒಬ್ಬ ಶಿಕ್ಷಕ ಇರಬೇಕು, ಒಂದಿಷ್ಟು ಸಮಯ ಇರಬೇಕು. ತೊಡಕಿರುವುದು ಇಲ್ಲಿಯೇ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಗಮನಿಸಿ. ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದು ಅದು ಹೇಳುವುದು ಆರರಿಂದ ಎಂಟನೆಯ ತರಗತಿಗಳಿಗೆ. ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ. ಒಂದರಿಂದ ಐದನೆಯ ತರಗತಿಯವರೆಗೆ ಇಷ್ಟು ಮಕ್ಕಳಿಗೆ ಇಷ್ಟು ಶಿಕ್ಷಕರು ಎಂಬ ಲೆಕ್ಕವಿದೆಯೇ ಹೊರತು ಕಲೆಯ ಬೋಧಕರ ಮಾತಿಲ್ಲ. ಅಂದರೆ ಮಗು ತಾನಾಗಿಯೇ ಚಿತ್ರದ ಮೂಲಕ ಯೋಚಿಸುವ ವರ್ಷಗಳಲ್ಲಿ ಅದರ ಪಕ್ಕದಲ್ಲಿ ಯಾರೂ ಇಲ್ಲ. ‘ನನಗೆ ಬರೋಲ್ಲ’ ಎಂಬ ತೀರ್ಮಾನಕ್ಕೆ ಬಂದ ಮೇಲೆ, ಶಾಲೆ ದೊಡ್ಡದಾಗಿದ್ದರೆ, ವಾರದಲ್ಲಿ ಕೆಲವು ಗಂಟೆ ಒಬ್ಬರು ಬಂದು ಹೋಗುತ್ತಾರೆ. ಚಿಕ್ಕ ಹಳ್ಳಿಗಳ ಶಾಲೆಗಳಿಗೆ ಆ ಭಾಗ್ಯವೂ ಇಲ್ಲ.

ಇನ್ನು ಸಮಯದ ಮಾತು. ವೇಳಾಪಟ್ಟಿಯಲ್ಲಿ ‘ಚಿತ್ರಕಲೆ’ ಎಂದು ಬರೆದಿರುವ ಅವಧಿ ಇದ್ದರೂ ಅದು ಗಣಿತದ ಉಳಿಕೆ ಲೆಕ್ಕಗಳಿಗೋ, ಇಂಗ್ಲಿಷಿನ ಕಾಪಿ ಬರವಣಿಗೆಗೋ, ಶಿಕ್ಷಕರು ಕಚೇರಿಗೆ ಕಳುಹಿಸಬೇಕಾದ ಅಂಕಿ-ಅಂಶಗಳಿಗೋ ಸುಲಭವಾಗಿ ಬಲಿಯಾಗುತ್ತದೆ. ಮಕ್ಕಳಿಗೆ ಓದು, ಬರಹ, ಲೆಕ್ಕ ಸರಿಯಾಗಿ ಬರುತ್ತಿಲ್ಲ ಎಂಬ ಆತಂಕ ನಿಜವಾದದ್ದೇ. ಆದರೆ ಚಿತ್ರದ ಅವಧಿಯನ್ನು ಕಿತ್ತು ಓದಿಗೆ ಕೊಡುವುದರಿಂದ ಓದು ಸುಧಾರಿಸುತ್ತದೆಂದು ನಂಬುವುದು ಬೇರನ್ನು ಕತ್ತರಿಸಿ ಕೊಂಬೆಗೆ ನೀರು ಹಾಕಿದಂತೆ. ಈ ನೆಲದಲ್ಲಿಯೇ ಇದಕ್ಕೆ ಬೇರೆ ದಾರಿ ತೋರಿದ ಪ್ರಯೋಗವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಆಟ, ಹಾಡು, ಚಿತ್ರಗಳನ್ನು ಕಲಿಕೆಯ ಒಳಗೇ ತಂದು, ಶಿಕ್ಷಕರೇ ರೂಪಿಸಿದ ಕಾರ್ಡುಗಳ ಮೂಲಕ ಮಗುವಿಗೆ ತನ್ನದೇ ವೇಗದಲ್ಲಿ ಸಾಗಲು ಅವಕಾಶ ನೀಡಿತು. ಮುಂದೆ ಅದು ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಕಾರ್ಡಿನಲ್ಲಿ ಅಚ್ಚಾದ ಚಿತ್ರವನ್ನು ನೋಡುವುದು ಒಂದು, ಮಗು ತಾನೇ ಚಿತ್ರ ಬರೆಯುವುದು ಇನ್ನೊಂದು ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಬಾರದು.

ಮನೆಮಾತು ಬೇರೆ, ಶಾಲೆಯ ಮಾತು ಬೇರೆಯಾಗಿರುವ ಮಕ್ಕಳ ಪಾಲಿಗೆ ಈ ವ್ಯತ್ಯಾಸ ಇನ್ನಷ್ಟು ಮುಖ್ಯ. ಲಂಬಾಣಿ ತಾಂಡಾದಿಂದ, ತುಳು ಅಥವಾ ಬ್ಯಾರಿ ಮಾತಾಡುವ ಮನೆಯಿಂದ, ಕೆಲಸ ಅರಸಿ ಬೇರೆ ರಾಜ್ಯದಿಂದ ಬಂದು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಬೀಡುಬಿಟ್ಟ ಕುಟುಂಬದಿಂದ ಬಂದ ಮಗು ಮೊದಲ ತಿಂಗಳುಗಳಲ್ಲಿ ತರಗತಿಯಲ್ಲಿ ಬಾಯಿ ತೆರೆಯುವುದೇ ಇಲ್ಲ. ಅದಕ್ಕೆ ಏನೂ ತಿಳಿಯದು ಎಂದು ಶಿಕ್ಷಕರು ಭಾವಿಸುವ ಅಪಾಯವಿದೆ. ಒಂದು ಹಾಳೆ ಕೊಟ್ಟರೆ ಅದೇ ಮಗು ತನ್ನ ಮನೆ, ತಾನು ಬಂದ ರೈಲು, ಕಾಂಕ್ರೀಟು ಕಲಸುವ ಯಂತ್ರ, ತಲೆಯ ಮೇಲೆ ಬುಟ್ಟಿ ಹೊತ್ತ ಅವ್ವ ಎಲ್ಲವನ್ನೂ ಹೇಳೀತು. ಆ ಚಿತ್ರವನ್ನು ನಡುವೆ ಇಟ್ಟುಕೊಂಡು ‘ಇದಕ್ಕೆ ನಿಮ್ಮಲ್ಲಿ ಏನಂತೀರಿ?’ ಎಂದು ಕೇಳಿದರೆ ಮಾತು ಶುರುವಾಗುತ್ತದೆ. ಕನ್ನಡ ಕಲಿಸಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದು ಕಷ್ಟ. ಇಂಥ ಮಗುವಿನಿಂದ ಚಿತ್ರದ ಅವಧಿಯನ್ನು ಕಸಿದರೆ ಅದಕ್ಕೆ ಸಿಗಬಹುದಾಗಿದ್ದ ಏಕೈಕ ಬಾಗಿಲನ್ನು ಮುಚ್ಚಿದಂತೆ.

ರಂಗೋಲಿಯೂ ನಕಲಲ್ಲವೇ?

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ನಕಲು ಅಷ್ಟು ಕೆಟ್ಟದ್ದಾದರೆ ನಮ್ಮ ಪರಂಪರೆಯ ಕಲೆಗಳೆಲ್ಲ ನಕಲಿನಿಂದಲೇ ಬಂದವಲ್ಲವೇ? ಮೊಮ್ಮಗಳು ಅಜ್ಜಿಯಿಂದ ಕಲಿಯುವ ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳ ಲೆಕ್ಕ ನಿಗದಿಯಾಗಿರುತ್ತದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಬರೆಯುವ ಹಸೆ ಚಿತ್ತಾರದ ಎಳೆಗಳೂ ತಲೆಮಾರಿನಿಂದ ತಲೆಮಾರಿಗೆ ಬಂದವೇ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನೂ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನೂ ಮಣ್ಣಿನಲ್ಲಿ ಮಾಡುವ ಮಕ್ಕಳು ಹಿರಿಯರು ಮಾಡುವುದನ್ನು ನೋಡಿಯೇ ಕಲಿಯುತ್ತಾರೆ.

ಆಕ್ಷೇಪದಲ್ಲಿ ಹುರುಳಿದೆ. ನೋಡಿ ಕಲಿಯುವುದು ಮನುಷ್ಯನ ಸಹಜ ಗುಣ. ಮಕ್ಕಳು ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ಕಲಿಯುತ್ತಾರೆ, ಕಾಮಿಕ್ಸ್ ನೋಡಿ ಕಲಿಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಮಗುವಿಗೆ ಏನನ್ನೂ ತೋರಿಸಲೇಬಾರದು, ಸುಮ್ಮನೆ ಬಿಟ್ಟರೆ ಎಲ್ಲವೂ ಅರಳುತ್ತದೆ ಎಂಬ ವಾದ ಕಳೆದ ಶತಮಾನದಲ್ಲಿ ಪ್ರಬಲವಾಗಿದ್ದರೂ ಅದು ಪೂರ್ಣ ಸತ್ಯವಲ್ಲ. ಸಿಝೆಕ್‌ನ ತರಗತಿಯ ಸ್ವತಂತ್ರ ಮಕ್ಕಳ ಚಿತ್ರಗಳೂ ಒಂದನ್ನೊಂದು ಹೋಲುತ್ತಿದ್ದವೆಂದು ಅನಂತರದ ವಿಮರ್ಶಕರು ತೋರಿಸಿದ್ದಾರೆ. ಒಂಬತ್ತು, ಹತ್ತು ವರ್ಷಕ್ಕೆ ಬಂದ ಮಗು ತನ್ನ ಚಿತ್ರ ‘ನಿಜವಾದಂತೆ’ ಕಾಣಬೇಕೆಂದು ತಾನೇ ಬಯಸುತ್ತದೆ. ಆಗ ದೂರದ ಮರ ಏಕೆ ಚಿಕ್ಕದಾಗಿ ಕಾಣುತ್ತದೆ, ಎರಡು ಬಣ್ಣ ಕೂಡಿದರೆ ಏನಾಗುತ್ತದೆ, ಬಾಗಿದ ಮೊಣಕೈಯನ್ನು ಹೇಗೆ ಬರೆಯುವುದು ಎಂಬುದನ್ನು ಹೇಳಿಕೊಡದಿದ್ದರೆ ಅದೂ ಅನ್ಯಾಯವೇ. ‘ನನಗೆ ಬರೋಲ್ಲ’ ಎಂಬ ಮಾತಿಗೆ ಒಂದು ಕಾರಣ ಅತಿಯಾದ ತಿದ್ದುಪಡಿಯಾದರೆ, ಇನ್ನೊಂದು ಕಾರಣ ಬೇಕಾದ ಹೊತ್ತಿನಲ್ಲಿ ಸಿಗದ ನೆರವು.

ಆದರೆ ಅಂಗಳದ ನಕಲಿಗೂ ಕರಿಹಲಗೆಯ ನಕಲಿಗೂ ಅಂತರವಿದೆ. ರಂಗೋಲಿ ಕಲಿತ ಹುಡುಗಿ ಮರುವಾರ ಎರಡು ಚುಕ್ಕಿ ಹೆಚ್ಚಿಸಿ ಹೊಸದೊಂದನ್ನು ಹೂಡುತ್ತಾಳೆ. ನೆರೆಮನೆಯ ಅಂಗಳಕ್ಕಿಂತ ತನ್ನದು ಬೇರೆಯಾಗಿರಬೇಕೆಂಬುದೇ ಅವಳ ಹಟ. ಭೂಮಿ ಹುಣ್ಣಿಮೆಗಾಗಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವಾಗ ಎಳೆಗಳ ಹೆಸರು ಹಳೆಯದಾದರೂ ಅವುಗಳ ಜೋಡಣೆ ಆ ಮನೆಯ ಹೆಣ್ಣುಮಗಳದು. ಮಣ್ಣೆತ್ತು ಮಾಡುವ ಹುಡುಗ ತನ್ನ ಮನೆಯ ಎತ್ತಿನ ಕೊಂಬು ಹೇಗಿದೆಯೋ ಹಾಗೆ ತಿದ್ದುತ್ತಾನೆ. ಅಲ್ಲಿ ಕಲಿಯುವ ಮಗುವಿಗೆ ವಸ್ತು ಗೊತ್ತು, ಸಂದರ್ಭ ಗೊತ್ತು, ಬದಲಿಸುವ ಹಕ್ಕೂ ಇದೆ. ಕರಿಹಲಗೆಯ ಎರಡು ಬೆಟ್ಟಗಳಲ್ಲಿ ಈ ಮೂರೂ ಇಲ್ಲ.

ಶಿಕ್ಷಕರು ಮಾಡಬಹುದಾದದ್ದು

‘ನನಗೇ ಚಿತ್ರ ಬರುವುದಿಲ್ಲ, ಮಕ್ಕಳಿಗೆ ಏನು ಕಲಿಸಲಿ?’ ಎಂಬುದು ಪ್ರಾಥಮಿಕ ಶಾಲಾ ಶಿಕ್ಷಕರಿಂದ ಸಾಮಾನ್ಯವಾಗಿ ಕೇಳಿಬರುವ ಪ್ರಾಮಾಣಿಕವಾದ ಮಾತು. ವಾಸ್ತವದಲ್ಲಿ ಕೆಳಗಿನ ತರಗತಿಗಳಲ್ಲಿ ಇದು ದೊಡ್ಡ ಕೊರತೆಯೇ ಅಲ್ಲ. ಹಲಗೆಯ ಮೇಲೆ ಅಂದವಾಗಿ ಬರೆಯಬಲ್ಲ ಶಿಕ್ಷಕಿಗಿಂತ ಚೆನ್ನಾಗಿ ಪ್ರಶ್ನೆ ಕೇಳಬಲ್ಲ ಶಿಕ್ಷಕಿ ಇಲ್ಲಿ ಹೆಚ್ಚು ಉಪಯುಕ್ತ. ‘ಮರ ಬರೆಯಿರಿ’ ಎನ್ನುವ ಬದಲು ಶಾಲೆಯ ಅಂಗಳದಲ್ಲಿರುವ ಹೊಂಗೆಯ ಬಳಿಗೆ ಮಕ್ಕಳನ್ನು ಕರೆದೊಯ್ಯಲಿ. ತೊಗಟೆ ಮುಟ್ಟಿದರೆ ಹೇಗಿದೆ, ಮೊದಲ ಕೊಂಬೆ ಯಾರ ಎತ್ತರಕ್ಕೆ ಬರುತ್ತದೆ, ಇರುವೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತಿವೆ, ಅಡಿಯಲ್ಲಿ ನಿಂತು ಮೇಲೆ ನೋಡಿದರೆ ಆಕಾಶ ಹೇಗೆ ಕಾಣುತ್ತದೆ ಎಂದು ಕೇಳಲಿ. ಆಮೇಲೆ ಒಳಗೆ ಬಂದು ಬರೆಯಲಿ. ಮೂವತ್ತು ಮಕ್ಕಳಿಂದ ಮೂವತ್ತು ಮರಗಳು ಬರುತ್ತವೆ. ಬರೆದಾದ ಮೇಲೆ ‘ಇದೇನಿದು?’ ಎಂದು ಕೇಳದೆ ‘ಇದರ ಬಗ್ಗೆ ಹೇಳು’ ಎಂದರೆ ಸಾಕು. ಮೊದಲನೆಯ ಪ್ರಶ್ನೆಯಲ್ಲಿ ಚಿತ್ರ ಅರ್ಥವಾಗಲಿಲ್ಲವೆಂಬ ದೂರಿದೆ, ಎರಡನೆಯದರಲ್ಲಿ ಆಹ್ವಾನವಿದೆ. ‘ಚೆನ್ನಾಗಿದೆ’ ಎಂದು ಸಾರಾಸಗಟಾಗಿ ಹೊಗಳುವುದಕ್ಕಿಂತ ‘ಇರುವೆಗಳನ್ನು ನೀನು ಮಾತ್ರ ಬರೆದಿದ್ದೀಯ’ ಎಂದು ಗುರುತಿಸುವುದು ಮಗುವಿಗೆ ಹೆಚ್ಚು ದಕ್ಕುತ್ತದೆ.

ಸಾಮಗ್ರಿಯ ಮಾತು ಬಂದಾಗ ನಮಗೆ ದುಬಾರಿ ಬಣ್ಣದ ಪೆಟ್ಟಿಗೆಗಳೇ ನೆನಪಾಗುತ್ತವೆ. ಇದ್ದಿಲು, ಕೆಮ್ಮಣ್ಣು, ಸುಣ್ಣ, ಅರಿಶಿನ ಯಾವ ಊರಿನಲ್ಲಿ ಇಲ್ಲ? ಅರಿಶಿನಕ್ಕೆ ಒಂದಿಷ್ಟು ಸುಣ್ಣ ಬೆರೆಸಿದರೆ ಅದು ಕೆಂಪಾಗುವುದನ್ನು ಕಂಡ ಮಗು ಬಣ್ಣವನ್ನಷ್ಟೇ ಅಲ್ಲ, ರಸಾಯನಶಾಸ್ತ್ರದ ಮೊದಲ ಪಾಠವನ್ನೂ ಕಲಿಯುತ್ತದೆ. ಬಸಳೆಯ ಹಣ್ಣು ನೇರಳೆ ಬಣ್ಣ ಕೊಡುತ್ತದೆ. ಅಡ್ಡಕ್ಕೆ ಕೊಯ್ದ ಬೆಂಡೆಕಾಯಿ ಅಚ್ಚು ಒತ್ತಿದರೆ ಹೂವಾಗುತ್ತದೆ. ಹಳೆಯ ಕ್ಯಾಲೆಂಡರಿನ, ಮದುವೆ ಕರೆಯೋಲೆಯ ಖಾಲಿ ಬೆನ್ನು ಒಳ್ಳೆಯ ಹಾಳೆ. ಕೆರೆಯ ಮಣ್ಣಿಗೆ ಬೆಲೆಯಿಲ್ಲ. ಇವೆಲ್ಲ ಸರ್ಕಾರ ಅನುದಾನ ಕೊಡದಿರಲು ನೆಪವಾಗಬಾರದು, ಹಾಗೆಯೇ ಅನುದಾನ ಬಂದಿಲ್ಲವೆಂಬುದು ಚಿತ್ರ ಬರೆಸದಿರಲೂ ನೆಪವಾಗಬಾರದು.

ಕಲಾಶಿಕ್ಷಣವೆಂದರೆ ಬರೆಯುವುದಷ್ಟೇ ಅಲ್ಲ, ನೋಡುವುದೂ ಹೌದು. ಪ್ರತಿವರ್ಷ ನೂರಾರು ಶಾಲೆಗಳ ಬಸ್ಸುಗಳು ಶ್ರೀರಂಗಪಟ್ಟಣದ ದರಿಯಾ ದೌಲತ್ ಎದುರು ನಿಲ್ಲುತ್ತವೆ. 1780ರ ಪೊಳ್ಳಿಲೂರು ಕದನವನ್ನು ಚಿತ್ರಿಸಿದ ಬೃಹತ್ ಭಿತ್ತಿಚಿತ್ರ ಅದರ ಗೋಡೆಯ ಮೇಲಿದೆ. ಆನೆ, ಕುದುರೆ, ಫಿರಂಗಿ, ಸ್ಫೋಟಿಸುವ ಮದ್ದುಗುಂಡಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷ್ ಸೇನಾಧಿಕಾರಿ: ಒಂದು ಮಗು ಅರ್ಧ ಗಂಟೆ ನೋಡಿದರೂ ಮುಗಿಯದ ಚಿತ್ರ ಅದು. ಮಕ್ಕಳನ್ನು ಸಾಲಾಗಿ ನಡೆಸಿ ಹತ್ತು ನಿಮಿಷದಲ್ಲಿ ಹೊರಗೆ ಕರೆತರುವ ಬದಲು, ‘ಈ ಗೋಡೆಯಲ್ಲಿ ಹೆದರಿದವರು ಯಾರು, ನಗುತ್ತಿರುವವರು ಯಾರು ಹುಡುಕಿ’ ಎಂದು ಒಂದು ಮೂಲೆಯಲ್ಲಿ ಕೂರಿಸಬಾರದೇಕೆ? ಬೆಂಗಳೂರಿನ ಮಕ್ಕಳು ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ. ಅದೇ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಚಿತ್ರಶಾಲೆಯ ಹೆಸರನ್ನೂ ಅವರಲ್ಲಿ ಬಹುಪಾಲು ಮಂದಿ ಕೇಳಿರುವುದಿಲ್ಲ. ಮುಂದೆ ಇವರೇ ದೊಡ್ಡವರಾಗಿ ಚಿತ್ರಸಂತೆಯಲ್ಲಿ ಅಡ್ಡಾಡುವಾಗ ‘ನಮಗಿದೆಲ್ಲ ಅರ್ಥವಾಗುವುದಿಲ್ಲಪ್ಪ’ ಎಂದು ನಗುತ್ತಾರೆ. ಅರ್ಥ ಮಾಡಿಕೊಳ್ಳುವುದನ್ನು ನಾವು ಅವರಿಗೆ ಕಲಿಸಿದ್ದೆವೇ?

ಸ್ಪರ್ಧೆಯ ಉಪದ್ರವ

ನಗರದ ಮಧ್ಯಮವರ್ಗದ ಪೋಷಕರಲ್ಲಿ ಇತ್ತೀಚೆಗೆ ಕಲೆಯ ಬಗ್ಗೆ ಆಸಕ್ತಿ ಹೆಚ್ಚಿದೆ ಎಂಬುದು ನಿಜ. ವಾರಾಂತ್ಯದ ಡ್ರಾಯಿಂಗ್ ಕ್ಲಾಸುಗಳು ಬಡಾವಣೆಗೊಂದರಂತೆ ತೆರೆದಿವೆ. ಆದರೆ ಈ ಆಸಕ್ತಿಯ ಗುರಿ ಹಲವು ಬಾರಿ ಬಹುಮಾನ, ಪ್ರಮಾಣಪತ್ರ, ಗೋಡೆಗೆ ತೂಗುಹಾಕುವ ಒಂದು ಅಚ್ಚುಕಟ್ಟಾದ ಚಿತ್ರ. ಸ್ಪರ್ಧೆಗಾಗಿ ಒಂದೇ ಚಿತ್ರವನ್ನು ಹತ್ತು ಸಲ ಅಭ್ಯಾಸ ಮಾಡಿಸಿ ಕಳುಹಿಸುವುದು ಅಪರೂಪವೇನಲ್ಲ. ‘ಪರಿಸರ ಉಳಿಸಿ’ ಎಂಬ ವಿಷಯ ಕೊಟ್ಟರೆ ಭೂಗೋಳವನ್ನು ಹಿಡಿದ ಎರಡು ಕೈಗಳು ಹಾಳೆ ಹಾಳೆಯಲ್ಲಿಯೂ ಮೂಡುತ್ತವೆ. ಕರಿಹಲಗೆಯ ಬೆಟ್ಟದ ಜಾಗಕ್ಕೆ ಭೂಗೋಳ ಬಂದಿದೆ, ಅಷ್ಟೇ.

ಶಂಕರ್ ಅವರು 1949ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಮಕ್ಕಳ ಚಿತ್ರ ಸ್ಪರ್ಧೆಯಾಗಲಿ, ನಮ್ಮ ರಾಜ್ಯದ ಪ್ರತಿಭಾ ಕಾರಂಜಿಯಾಗಲಿ ಸಾವಿರಾರು ಮಕ್ಕಳಿಗೆ ವೇದಿಕೆ ಒದಗಿಸಿರುವುದನ್ನು ಅಲ್ಲಗಳೆಯಲಾಗದು. ಹಳ್ಳಿಯ ಮಗುವೊಂದು ತಾಲ್ಲೂಕು ಕೇಂದ್ರದಲ್ಲಿ ಚಿತ್ರ ಬರೆದು ಬರುವುದು ಸಣ್ಣ ಸಂಗತಿಯಲ್ಲ. ಆದರೆ ಶಾಲೆಯ ಕಲಾಶಿಕ್ಷಣವೆಲ್ಲ ಆ ಒಂದು ದಿನದ ಸಿದ್ಧತೆಯಾಗಿ ಕುಗ್ಗಿದರೆ, ಆಯ್ಕೆಯಾದ ಒಂದಿಬ್ಬರ ಹಿಂದೆ ಉಳಿದ ಮೂವತ್ತೆಂಟು ಮಕ್ಕಳು ‘ಇದು ನಮ್ಮದಲ್ಲ’ ಎಂಬ ಪಾಠವನ್ನಷ್ಟೇ ಕಲಿಯುತ್ತಾರೆ. ಕನ್ನಡ ಭಾಷೆಯ ಪಾಠವನ್ನು ಕವಿಗಳಾಗಬಲ್ಲ ಇಬ್ಬರಿಗೆ ಮಾತ್ರ ಕಲಿಸೋಣವೆಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆಯೇ?

ಆಗಬೇಕಾದುದು ಅಸಾಧ್ಯವಾದದ್ದೇನೂ ಅಲ್ಲ. ಒಂದರಿಂದ ಐದನೆಯ ತರಗತಿಯವರೆಗೆ ವಾರಕ್ಕೆ ಕನಿಷ್ಠ ಎರಡು ಅವಧಿ ಕಲೆಗೆ ಮೀಸಲಾಗಿ, ಅದನ್ನು ಬೇರಾವ ವಿಷಯಕ್ಕೂ ಬಳಸದಂತೆ ಸ್ಪಷ್ಟ ಆದೇಶವಿರಬೇಕು. ಪ್ರತಿ ಶಾಲೆಗೂ ಕಲಾಶಿಕ್ಷಕರನ್ನು ನೇಮಿಸಲಾಗದಿದ್ದರೆ ಕ್ಲಸ್ಟರಿಗೆ ಒಬ್ಬರಂತೆ ನೇಮಿಸಿ, ಅವರು ಸುತ್ತಿನ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಸರದಿಯಂತೆ ಹೋಗಿ ಅಲ್ಲಿನ ತರಗತಿ ಶಿಕ್ಷಕರಿಗೆ ಜೊತೆಯಾಗುವಂತೆ ಮಾಡಬಹುದು. ಡಿ.ಇಡಿ. ತರಬೇತಿಯಲ್ಲಿ ಚಿತ್ರಕಲ��ಯೆಂದರೆ ಚಾರ್ಟು ತಯಾರಿ ಎಂಬ ಕಲ್ಪನೆ ಹೋಗಿ, ಭಾವೀ ಶಿಕ್ಷಕರು ತಾವೇ ಕೈ ಕೆಸರು ಮಾಡಿಕೊಂಡು ಬರೆಯುವ, ಮಕ್ಕಳ ಚಿತ್ರಗಳನ್ನು ಓದುವ ಅಭ್ಯಾಸ ಆಗಬೇಕು. ಪ್ರಾಥಮಿಕ ಹಂತದಲ್ಲಿ ಚಿತ್ರಗಳಿಗೆ ಅಂಕ, ರ‍್ಯಾಂಕು ಬೇಡ. ಮಗುವಿನ ಕೃತಿಸಂಪುಟದಲ್ಲಿ ವರ್ಷದ ಚಿತ್ರಗಳನ್ನು ದಿನಾಂಕ ಹಾಕಿ ಇಟ್ಟರೆ ಜೂನ್ ತಿಂಗಳ ಮಗು ಮಾರ್ಚ್ ತಿಂಗಳಿಗೆ ಎಲ್ಲಿಗೆ ಬಂದಿದೆ ಎಂಬುದು ತಾನಾಗಿಯೇ ಕಾಣುತ್ತದೆ. ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಆ ಸಂಪುಟವನ್ನೂ ತೋರಿಸಿದರೆ, ಕೂಲಿ ಮಾಡುವ ತಾಯಿಯೊಬ್ಬಳು ಓದು ಬಾರದಿದ್ದರೂ ತನ್ನ ಮಗುವಿನ ಕಲಿಕೆಯನ್ನು ತಾನೇ ನೋಡಿ ತಿಳಿಯಬಲ್ಲಳು.

ಇಷ್ಟಾದರೆ ನಾಡಿನ ಮಕ್ಕಳೆಲ್ಲ ಕಲಾವಿದರಾಗುತ್ತಾರೆಯೇ? ಆಗಬೇಕಿಲ್ಲ. ವಿಜಯಪುರದ ಮಗು ತನ್ನ ಜೋಳದ ಹೊಲವನ್ನೂ, ಕುಂದಾಪುರದ ಮಗು ತನ್ನ ದೋಣಿಯನ್ನೂ, ಬೆಂಗಳೂರಿನ ಮಗು ತನ್ನ ಲಿಫ್ಟನ್ನೂ ಸಂಕೋಚವಿಲ್ಲದೆ ಬರೆಯುವಂತಾದರೆ ಸಾಕು. ತನ್ನ ಕಣ್ಣಿನ ಮೇಲೆ ತನಗೆ ನಂಬಿಕೆಯಿರುವ ಮಗು ಮುಂದೆ ಪತ್ರಿಕೆ ಓದುವಾಗ, ಮತ ಹಾಕುವಾಗ, ನೆರೆಯವರ ಬಗ್ಗೆ ಯಾರೋ ಹೇಳಿದ ಮಾತನ್ನು ಕೇಳುವಾಗಲೂ ಒಮ್ಮೆ ತಾನೇ ನೋಡಿ ತೀರ್ಮಾನಿಸಲು ಬಯಸುತ್ತದೆ. ಅದಕ್ಕೆ ಬೇಕಾದ ಬಂಡವಾಳ ವಾರಕ್ಕೆ ಎಂಬತ್ತು ನಿಮಿಷ, ಒಂದಿಷ್ಟು ಖಾಲಿ ಹಾಳೆ ಮತ್ತು ‘ಹೀಗೆಯೇ ಬರೆ’ ಎನ್ನದ ಒಬ್ಬ ಶಿಕ್ಷಕಿ.